ಫೌಲ್ ಅಲ್ಲ ಎಂದರು, ತಲೆಗೆ ಪೆಟ್ಟಂತೂ ಆಗಿತ್ತು: 2022ರ ಪೀಚ್ ಬೌಲ್ ಪ್ರಕರಣ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಟಾರ್ಗೆಟಿಂಗ್ ಅಂತ ಒಂದು ಫೌಲ್ ಇದೆ. ರಕ್ಷಣೆಯಿಲ್ಲದ ಸ್ಥಿತಿಯಲ್ಲಿರುವ ಎದುರಾಳಿಯ ತಲೆಗೋ ಕತ್ತಿಗೋ ಜೋರಾಗಿ ಗುದ್ದಿದರೆ, ಅಥವಾ ಯಾರಿಗೇ ಆಗಲಿ ತನ್ನ ಹೆಲ್ಮೆಟ್‌ನ ನೆತ್ತಿಯಿಂದ ಗುದ್ದಿದರೆ, ತಂಡಕ್ಕೆ 15 ಗಜದ ದಂಡ. ಗುದ್ದಿದ ಆಟಗಾರನಿಗೆ ಆ ಪಂದ್ಯದಿಂದಲೇ ಗೇಟ್‌ಪಾಸ್. ಈ ನಿಯಮದ ಬಗ್ಗೆ ಪ್ರತಿ ಸೀಸನ್‌ನಲ್ಲೂ ಜಗಳ ನಡೆಯುತ್ತದೆ. ಕಠಿಣವಾಯಿತು ಎಂದು ಕೆಲವರು, ಸಡಿಲವಾಯಿತು ಎಂದು ಕೆಲವರು. ನಾನಿಲ್ಲಿ ಒಂದೇ ಒಂದು ಡಿಕ್ಕಿಯನ್ನು ತೆಗೆದುಕೊಂಡು ನೋಡುತ್ತೇನೆ. ಈ ನಿಯಮದ ಕೈಗೆ ಎಟುಕುವುದು ಎಷ್ಟು, ಎಟುಕದೆ ಉಳಿಯುವುದು ಎಷ್ಟು ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಆ ರಾತ್ರಿ ಆಗಿದ್ದು

2022ರ ಡಿಸೆಂಬರ್ 31. ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ. ಪೀಚ್ ಬೌಲ್ ಪಂದ್ಯ ಆ ವರ್ಷ ರಾಷ್ಟ್ರೀಯ ಪ್ಲೇಆಫ್‌ನ ಸೆಮಿಫೈನಲ್ ಆಗಿತ್ತು. ಹಿಂದಿನ ಸಲದ ಚಾಂಪಿಯನ್ ಜಾರ್ಜಿಯಾ ಒಂದು ಕಡೆ, ಒಹಾಯೊ ಸ್ಟೇಟ್ ಇನ್ನೊಂದು ಕಡೆ. ಜಾರ್ಜಿಯಾ ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಆದರೂ ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಒಹಾಯೊ ಸ್ಟೇಟ್ 35-24ರಿಂದ ಮುಂದಿತ್ತು. ಅಷ್ಟೇ ಅಲ್ಲ, ಚೆಂಡು ಜಾರ್ಜಿಯಾದ ಗೋಲ್ ಗೆರೆಯ ಹತ್ತಿರವೇ ಇತ್ತು.

ಅದು ಮೂರನೇ ಡೌನ್, 10 ಗಜ ಮುಂದೆ ಸಾಗಲು ತಂಡಕ್ಕೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು. ಅಂದರೆ ಚೆಂಡನ್ನು ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ ಹೆಚ್ಚುಕಡಿಮೆ ಕೊನೆಯ ಪ್ರಯತ್ನ. ಇದು ಕೈಗೂಡದಿದ್ದರೆ ನಾಲ್ಕನೇ ಡೌನ್‌ನಲ್ಲಿ ಚೆಂಡು ಒದ್ದು ಫೀಲ್ಡ್ ಗೋಲ್‌ನ 3 ಅಂಕಕ್ಕೆ ತೃಪ್ತಿಪಡುವುದು ವಾಡಿಕೆ. ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಸಿ.ಜೆ. ಸ್ಟ್ರೌಡ್ ತಮ್ಮ ಮೇಲೆ ಬರುತ್ತಿದ್ದವರಿಂದ ತಪ್ಪಿಸಿಕೊಂಡು ಗೋಲ್ ಗೆರೆಯ ಆಚೆಗಿನ ಎಂಡ್ ಝೋನ್‌ನ ಹಿಂಭಾಗಕ್ಕೆ ಚೆಂಡು ಎಸೆದರು. ಅಲ್ಲಿ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಹಾರಿ ಕೈಚಾಚಿದರು. ಆ ಪಂದ್ಯದಲ್ಲಿ ಅಷ್ಟರಲ್ಲೇ 5 ಕ್ಯಾಚ್, 106 ಗಜ, 2 ಟಚ್‌ಡೌನ್ ಮಾಡಿದ್ದ ರಿಸೀವರ್, ಅಂದರೆ ಪಾಸ್ ಹಿಡಿಯುವ ಆಟಗಾರ. ಚೆಂಡು ಬರುವುದಕ್ಕೂ ಜಾರ್ಜಿಯಾದ ಡಿಫೆಂಡರ್ ಜಾವನ್ ಬುಲ್ಲಾರ್ಡ್ ಪಕ್ಕದಿಂದ ಓಡಿ ಬಂದು ಡಿಕ್ಕಿ ಹೊಡೆಯುವುದಕ್ಕೂ ಸರಿಹೋಯಿತು. ಚೆಂಡು ಕೈತಪ್ಪಿತು. ಹ್ಯಾರಿಸನ್ ನೆಲಕ್ಕೆ ಬಿದ್ದರು.

ಮೈದಾನದ ಅಧಿಕಾರಿಗಳು ಹಳದಿ ಫ್ಲ್ಯಾಗ್ ಎಸೆದು ಟಾರ್ಗೆಟಿಂಗ್ ಎಂದರು. ಈ ಫೌಲ್ ಕೊಟ್ಟಾಗಲೆಲ್ಲ ವಿಡಿಯೊ ರಿವ್ಯೂ ಕಡ್ಡಾಯ. ರಿವ್ಯೂನಲ್ಲಿ ತಲೆಗಾಗಲಿ ಕತ್ತಿಗಾಗಲಿ ಬಲವಾದ ತಾಗುವಿಕೆ ಇಲ್ಲ ಎಂದು ತೀರ್ಮಾನವಾಗಿ ಫೌಲ್ ರದ್ದಾಯಿತು. 15 ಗಜದ ದಂಡವೂ ಹೋಯಿತು. ಬುಲ್ಲಾರ್ಡ್ ಆಟದಲ್ಲೇ ಉಳಿದರು. ಒಹಾಯೊ ಸ್ಟೇಟ್ ಫೀಲ್ಡ್ ಗೋಲ್ ಹೊಡೆದು 38-24 ಮಾಡಿಕೊಂಡಿತು.

ಹ್ಯಾರಿಸನ್ ಮಾತ್ರ ಮತ್ತೆ ಆಡಲಿಲ್ಲ. ಅವರಿಗೆ ಕನ್‌ಕಷನ್, ಅಂದರೆ ಮೆದುಳು ಅಲುಗಾಡಿ ಆಗುವ ಗಾಯ, ಆಗಿತ್ತು.

ಮುಂದಿನದು ಕಾಲೇಜ್ ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಜಾರ್ಜಿಯಾ 18 ಅಂಕ ಗಳಿಸಿತು, ಒಹಾಯೊ ಸ್ಟೇಟ್ ಬರೀ 3. ಪಂದ್ಯ ಮುಗಿಯಲು 54 ಸೆಕೆಂಡ್ ಉಳಿದಿದ್ದಾಗ ಜಾರ್ಜಿಯಾ 42-41ರಿಂದ ಮುಂದೆ ಹೋಯಿತು. ಗಡಿಯಾರದಲ್ಲಿ ಹೊಸ ವರ್ಷ ಹುಟ್ಟುವ ಹೊತ್ತಿಗೆ ಸರಿಯಾಗಿ ಒಹಾಯೊ ಸ್ಟೇಟ್‌ನ 50 ಗಜದ ಕೊನೆಯ ಕಿಕ್ ಎಡಕ್ಕೆ ದೂರ ಸರಿದು ಹೋಯಿತು.

ಒಂದೇ ಒಂದು ಅಂಕದ ಸೋಲು. ಹಾಗಾಗಿ ಎಲ್ಲರ ಮಾತೂ ಆ ಫ್ಲ್ಯಾಗ್‌ನ ಸುತ್ತಲೇ ಸುತ್ತಿತು. ದಂಡ ಉಳಿದಿದ್ದರೆ ಒಹಾಯೊ ಸ್ಟೇಟ್‌ಗೆ ಗೋಲ್ ಗೆರೆಯ ಹತ್ತಿರ ಮತ್ತೆ ಫಸ್ಟ್ ಡೌನ್, ಅಂದರೆ ಹೊಸದಾಗಿ ನಾಲ್ಕು ಪ್ರಯತ್ನ, ಸಿಗುತ್ತಿತ್ತು. 3ರ ಬದಲು 7 ಅಂಕ ಬರಬಹುದಿತ್ತು. ಇನ್ನೊಂದು ಲೆಕ್ಕವೂ ಇದೆ. ಆಗಿನ ನಿಯಮದಲ್ಲಿ, ಎರಡನೇ ಅರ್ಧದಲ್ಲಿ ಟಾರ್ಗೆಟಿಂಗ್‌ಗೆ ಹೊರಬಿದ್ದವನು ಮುಂದಿನ ಪಂದ್ಯದ ಮೊದಲ ಅರ್ಧವನ್ನೂ ಕಳೆದುಕೊಳ್ಳಬೇಕಿತ್ತು. ಬುಲ್ಲಾರ್ಡ್‌ಗೆ ಆ ಮುಂದಿನ ಪಂದ್ಯ ಅಂದರೆ 2023ರ ಜನವರಿ 9ರ ಫೈನಲ್. ಅದರ ಮೊದಲ ಅರ್ಧದಲ್ಲೇ ಅವರು ಎದುರಾಳಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ತಂಡದ ಎರಡು ಪಾಸ್ ಹಿಡಿದು ಇಂಟರ್‌ಸೆಪ್ಷನ್ ಮಾಡಿದರು. ಜಾರ್ಜಿಯಾ 65-7ರಿಂದ ಗೆದ್ದಿತು, ಬುಲ್ಲಾರ್ಡ್ ಡಿಫೆನ್ಸ್‌ನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು. ಆ ಫೈನಲ್‌ನಲ್ಲಿ ಅವರಿಲ್ಲದಿದ್ದರೂ ಜಾರ್ಜಿಯಾ ಗೆಲ್ಲುತ್ತಿತ್ತು ಅನ್ನಿ. ಆದರೆ ಒಂದು ರಿವ್ಯೂ ಒಬ್ಬ ಹುಡುಗನ ಬದುಕಿನಲ್ಲಿ ಎಷ್ಟು ಭಾರವಾಗಿ ಕೂರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಿಯಮ ಕೇಳುವ ಪ್ರಶ್ನೆ

ಟಾರ್ಗೆಟಿಂಗ್ ಈಗಿನ ರೂಪಕ್ಕೆ ಬಂದದ್ದು ಒಂದೇ ಸಲಕ್ಕೆ ಅಲ್ಲ. 1976ರಲ್ಲೇ ತಲೆಯನ್ನು ಮುಂದೆ ಮಾಡಿ ಗುದ್ದುವುದನ್ನು ಕಾಲೇಜ್ ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಷೇಧಿಸಿತ್ತು. ಆಗ ಹೆದರಿಕೆ ಇದ್ದದ್ದು ಕತ್ತಿನ ಮೂಳೆಯ ಬಗ್ಗೆ. ತಲೆ ತಗ್ಗಿಸಿ ಗುದ್ದಿದ ಹುಡುಗರು ಕತ್ತು ಮುರಿದು ಕೈಕಾಲು ಸ್ವಾಧೀನ ಕಳೆದುಕೊಳ್ಳುತ್ತಿದ್ದರು. ನಿಷೇಧದ ನಂತರದ ವರ್ಷಗಳಲ್ಲಿ ಅಂಥ ಪ್ರಕರಣಗಳು ಬಹಳ ಕಡಿಮೆಯಾದವು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಯಮದಿಂದ ಆಟ ಹಾಳಾಗುತ್ತದೆ ಎಂದು ಗೊಣಗುವವರು ಇದನ್ನು ಮರೆತುಬಿಡುತ್ತಾರೆ. ನಿಯಮ ಜೀವ ಉಳಿಸಿದೆ.

2008ರಲ್ಲಿ ಟಾರ್ಗೆಟಿಂಗ್ ಅನ್ನುವ ಹೆಸರಿನಲ್ಲೇ ಫೌಲ್ ಬಂತು. 2013ರಲ್ಲಿ ಅದಕ್ಕೆ ಉಚ್ಚಾಟನೆ ಸೇರಿತು. ಆ ಮೊದಲ ವರ್ಷ ಒಂದು ವಿಚಿತ್ರ ಇತ್ತು. ರಿವ್ಯೂನಲ್ಲಿ ಉಚ್ಚಾಟನೆ ರದ್ದಾದರೂ 15 ಗಜದ ದಂಡ ಹಾಗೇ ಉಳಿಯುತ್ತಿತ್ತು. ತಪ್ಪೇ ಇಲ್ಲ ಅಂದಮೇಲೆ ದಂಡ ಯಾಕೆ ಎಂದು ಎಲ್ಲರೂ ಕೂಗಾಡಿದರು. 2014ರಲ್ಲಿ ಅದನ್ನು ತೆಗೆದರು. 2016ರಿಂದ ಮೈದಾನದಲ್ಲಿ ಯಾರೂ ಕಾಣದೆ ಬಿಟ್ಟ ಟಾರ್ಗೆಟಿಂಗ್ ಅನ್ನೂ ರಿವ್ಯೂ ಅಧಿಕಾರಿಯೇ ಹಿಡಿಯಬಹುದು ಎಂದಾಯಿತು.

ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು 2019ರ ಬದಲಾವಣೆ. ಅದನ್ನು ಕ್ರಿಕೆಟ್ ಮೂಲಕ ಹೇಳಿದರೆ ನಮಗೆ ಬೇಗ ಹಿಡಿಯುತ್ತದೆ. ಡಿಆರ್‌ಎಸ್‌ನಲ್ಲಿ ಅಂಪೈರ್ಸ್ ಕಾಲ್ ಇದೆಯಲ್ಲ, ಖಚಿತವಿಲ್ಲದಿದ್ದರೆ ಮೈದಾನದ ತೀರ್ಪೇ ಉಳಿಯುತ್ತದೆ. ಟಾರ್ಗೆಟಿಂಗ್ ರಿವ್ಯೂನಲ್ಲೂ 2018ರವರೆಗೆ ಹೀಗೇ ಇತ್ತು. 2019ರಲ್ಲಿ ಅದನ್ನು ಕಿತ್ತುಹಾಕಿದರು. ಈಗ ಫೌಲ್‌ನ ಪ್ರತಿಯೊಂದು ಅಂಶವೂ ವಿಡಿಯೊದಲ್ಲಿ ಖಚಿತವಾಗಬೇಕು. ಒಂದು ಅಂಶ ಅನುಮಾನವಾದರೂ ಇಡೀ ಫೌಲ್ ರದ್ದು.

ಬುಲ್ಲಾರ್ಡ್ ಡಿಕ್ಕಿಗೆ ಇದನ್ನು ಹಚ್ಚಿ ನೋಡೋಣ. ಮೊದಲ ಅಂಶ: ಎದುರಾಳಿ ರಕ್ಷಣೆಯಿಲ್ಲದ ಸ್ಥಿತಿಯಲ್ಲಿದ್ದನೇ? ಹೌದು. ಪಾಸ್ ಹಿಡಿಯಲು ಹಾರಿರುವ ರಿಸೀವರ್ ಅಂಥವನೇ ಎಂದು ನಿಯಮದಲ್ಲೇ ಬರೆದಿದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಎರಡನೆಯದು: ಅಪಾಯಕಾರಿ ಗುದ್ದಿನ ಲಕ್ಷಣ ಏನಾದರೂ ಇತ್ತೇ? ಕಾಲು ನೆಲ ಬಿಟ್ಟು ಮೈಯನ್ನೇ ಎಸೆಯುವುದು, ಕುಕ್ಕರಿಸಿ ಮೇಲಕ್ಕೆ ನುಗ್ಗುವುದು, ತಲೆ ತಗ್ಗಿಸುವುದು, ಹೆಲ್ಮೆಟ್ಟನ್ನೋ ಭುಜವನ್ನೋ ಮೊಣಕೈಯನ್ನೋ ಮುಂದೆ ಮಾಡಿ ತಲೆ-ಕತ್ತಿನ ಭಾಗಕ್ಕೆ ನುಗ್ಗುವುದು, ಇಂಥವು. ಮೂರನೆಯದು: ತಲೆಗೆ ಅಥವಾ ಕತ್ತಿಗೆ ಬಲವಾಗಿ ತಾಗಿತೇ? ಈ ಮೂರನೆಯದರಲ್ಲೇ ಫೌಲ್ ಬಿದ್ದುಹೋಯಿತು. ಭುಜ ಮುಖ್ಯವಾಗಿ ತಾಗಿದ್ದು ಎದೆಗೋ, ಹೆಗಲಿಗೋ, ಹೆಲ್ಮೆಟ್‌ಗೋ? ನೋಡಿದವರೆಲ್ಲ ಒಂದೊಂದು ಹೇಳಿದರು. ನಿಧಾನಗತಿಯಲ್ಲಿ ನೋಡಿದರೂ ಜಗಳ ತೀರಲಿಲ್ಲ. ಜಗಳ ತೀರದಿದ್ದಾಗ ಇಂದಿನ ನಿಯಮದ ಪ್ರಕಾರ ಫೌಲ್ ಉಳಿಯುವಂತಿಲ್ಲ. ಹಾಗಾಗಿ ರಿವ್ಯೂ ಅಧಿಕಾರಿಯ ತೀರ್ಮಾನವನ್ನು ನಾನು ಬೈಯುವುದಿಲ್ಲ. ನಿಯಮ ಹೇಳಿದ್ದನ್ನು ಅವರು ಮಾಡಿದರು.

ತೊಂದರೆ ಇರುವುದು ಬೇರೆ ಕಡೆ. ಇದೇ ನಿಯಮದಲ್ಲಿ ಮೈದಾನದ ಅಧಿಕಾರಿಗೆ ಇನ್ನೊಂದು ಮಾತು ಹೇಳಿದೆ: ಅನುಮಾನ ಬಂದರೆ ಫೌಲ್ ಕೊಡು. ಮೈದಾನದಲ್ಲಿರುವವರಿಗೆ ಅನುಮಾನ ಬಂದರೆ ಕೊಡು ಎನ್ನುವುದು, ಮೇಲೆ ಕೂತವರಿಗೆ ಅನುಮಾನ ಬಂದರೆ ತೆಗೆ ಎನ್ನುವುದು! ಒಂದೇ ಡಿಕ್ಕಿಗೆ ಎರಡು ಅಳತೆಗೋಲು. ನೋಡುವವರಿಗೆ ಇದು ಅನ್ಯಾಯದಂತೆ ಕಾಣುವುದು ಸಹಜ. ಆಟಗಾರನಿಗಂತೂ ಇದರಿಂದ ಯಾವ ಪಾಠವೂ ಸಿಗುವುದಿಲ್ಲ.

ಇಷ್ಟು ಬಿಗಿ ಯಾಕೆ ಮಾಡಿದರು? ಶಿಕ್ಷೆ ದೊಡ್ಡದು ಅಂತ. ಅದೇ ಒಹಾಯೊ ಸ್ಟೇಟ್ 2019ರ ಫಿಯೆಸ್ಟಾ ಬೌಲ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತ್ತು. ಕ್ಲೆಮ್ಸನ್ ವಿರುದ್ಧ 16-0ಯಿಂದ ಮುಂದಿದ್ದಾಗ ಅವರ ಡಿಫೆಂಡರ್ ಶಾನ್ ವೇಡ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್‌ಗೆ ಗುದ್ದಿದರು. ರಿವ್ಯೂ ಆಗಿ ವೇಡ್ ಹೊರಗೆ. ಸತ್ತೇಹೋಗಿದ್ದ ಕ್ಲೆಮ್ಸನ್‌ನ ಆ ಸರದಿಗೆ ಜೀವ ಬಂತು, ಕೊನೆಗೆ ಪಂದ್ಯವೂ 29-23ರಿಂದ ಅವರದಾಯಿತು. ಲಾರೆನ್ಸ್ ಸ್ವಲ್ಪ ಹೊತ್ತಿನಲ್ಲೇ ಎದ್ದು ಬಂದು ಆಡಿದರು. ಅಲ್ಲಿ ಗುದ್ದಿಸಿಕೊಂಡವನು ಆಡಿದ, ಗುದ್ದಿದವನು ಹೊರಗೆ ಹೋದ. ಅಟ್ಲಾಂಟಾದಲ್ಲಿ ಸರಿಯಾಗಿ ತಿರುಗಾಮುರುಗಾ.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಯಾರಿಗೆ ಎಷ್ಟು ಪೆಟ್ಟಾಯಿತು ಅನ್ನುವುದನ್ನು ನಿಯಮ ಕೇಳುವುದೇ ಇಲ್ಲ. ಗುದ್ದಿದ ರೀತಿಯನ್ನಷ್ಟೇ ಕೇಳುತ್ತದೆ. ಅದು ಹಾಗೇ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಎದುರಾಳಿ ಎದ್ದು ನಿಂತ ಎಂದು ಕೆಟ್ಟ ಗುದ್ದು ಒಳ್ಳೆಯದಾಗುವುದಿಲ್ಲ. ಆದರೆ ಫೌಲ್ ಅಲ್ಲ ಎಂದಾಕ್ಷಣ ಆಟಗಾರ ಸುರಕ್ಷಿತ ಎಂದು ಸುಮ್ನೆ ಅಂದುಕೊಂಡುಬಿಡುತ್ತೇವೆ ನೋಡಿ, ಅಲ್ಲಿ ಎಡವುತ್ತೇವೆ.

ಹೆಲ್ಮೆಟ್‌ನ ಒಳಗೆ

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಬುರುಡೆಯೊಳಗೆ ದ್ರವದ ನಡುವೆ ಇರುವ ಮೆದುಳು ಅಲುಗಾಡುವುದನ್ನು ಅದು ತಡೆಯಲಾರದು. ವೇಗವಾಗಿ ಸಾಗುತ್ತಿದ್ದ ಮೈ ತಟ್ಟನೆ ನಿಂತರೆ ಅಥವಾ ಪಕ್ಕಕ್ಕೆ ತಳ್ಳಿಸಿಕೊಂಡರೆ ತಲೆ ಚಾಟಿಯ ತುದಿಯಂತೆ ಬೀಸುತ್ತದೆ. ಈ ತಿರುಚುವ ಚಲನೆಯೇ ಮೆದುಳಿನ ಎಳೆಗಳನ್ನು ಜಗ್ಗುವುದು. ಅಂದರೆ ಎದೆಗೋ ಹೆಗಲಿಗೋ ಬಿದ್ದ ಗುದ್ದಿನಿಂದಲೂ ಕನ್‌ಕಷನ್ ಆಗಬಹುದು. ಆಮೇಲೆ ತಲೆ ನೆಲಕ್ಕೆ ಬಡಿದರೆ ಇನ್ನೊಂದು ಪೆಟ್ಟು.

ಹಾಗಾಗಿ ತಲೆಗೆ ತಾಗಿಲ್ಲ ಎಂಬ ತೀರ್ಪು, ಕನ್‌ಕಷನ್ ಆಗಿದೆ ಎಂಬ ವೈದ್ಯರ ಮಾತು, ಎರಡೂ ಒಟ್ಟಿಗೇ ನಿಜವಾಗಿರಬಹುದು. ಕನ್‌ಕಷನ್ ಆಯಿತಲ್ಲ, ಹಾಗಾದರೆ ಟಾರ್ಗೆಟಿಂಗ್ ಆಗಿರಲೇಬೇಕು ಎಂದು ಒಹಾಯೊ ಸ್ಟೇಟ್ ಅಭಿಮಾನಿಗಳು ವಾದಿಸಿದರು. ನೋವು ಅರ್ಥವಾಗುತ್ತದೆ, ವಾದ ನಿಲ್ಲುವುದಿಲ್ಲ.

ಹಾರಿದ ರಿಸೀವರ್ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ಡಿಫೆಂಡರ್ ಓಡಿ ಬರುವಾಗ ಎದುರಾಳಿಯ ಹೊಟ್ಟೆಯನ್ನೋ ಎದೆಯನ್ನೋ ನೋಡಿಕೊಂಡು ಬರುತ್ತಾನೆ. ಅಷ್ಟರಲ್ಲಿ ಆ ಮೈ ಕೆಳಗಿಳಿಯುತ್ತಿರುತ್ತದೆ. ಎದೆ ಇದ್ದ ಜಾಗಕ್ಕೆ ಕತ್ತು ಬರುತ್ತದೆ, ಕತ್ತು ಇದ್ದ ಜಾಗಕ್ಕೆ ಹೆಲ್ಮೆಟ್. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಬುಲ್ಲಾರ್ಡ್ ತಪ್ಪಿತಸ್ಥ ಎಂದು ಬೆರಳು ತೋರಿಸಲು ನನಗೆ ಇಷ್ಟವಿಲ್ಲ. ಅವರು ಬಂದದ್ದು ಟಚ್‌ಡೌನ್ ತಪ್ಪಿಸಲು, ತಪ್ಪಿಸಿದರು ಕೂಡ. ಇನ್ನೂ ಕೆಳಗೆ, ಸೊಂಟದ ಮಟ್ಟಕ್ಕೆ ಬಂದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಕೆಳಗೆ ಹಿಡಿದರೆ ಕ್ಯಾಚ್ ತಪ್ಪುವುದಿಲ್ಲ, ಮೇಲೆ ಗುದ್ದಿದರೆ ಚೆಂಡು ಕೈಬಿಡುತ್ತದೆ. ಆಟದಲ್ಲಿ ಲಾಭ ಇರುವುದು ಅಪಾಯ ಇರುವ ಕಡೆಯೇ. ಕೋಚ್‌ಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಡಿಕ್ಕಿಯ ನಂತರ ನಡೆದದ್ದರಲ್ಲಿ ಮೆಚ್ಚಬೇಕಾದ್ದು ಇದೆ. ಕನ್‌ಕಷನ್ ಆಗಿದೆ ಎಂದು ಕಂಡುಬಂದ ಆಟಗಾರ ಅದೇ ದಿನ ಮತ್ತೆ ಆಡುವಂತಿಲ್ಲ. ಎನ್‌ಸಿಎಎ 2010ರಿಂದ ಪ್ರತಿ ಕಾಲೇಜಿಗೂ ಕನ್‌ಕಷನ್ ನಿಭಾಯಿಸುವ ಯೋಜನೆ ಇರಲೇಬೇಕು ಎಂದಿದೆ. ಸೀಸನ್‌ಗೆ ಮುಂಚೆ ಆಟಗಾರನ ನೆನಪು, ಸಮತೋಲನ ಎಲ್ಲ ಅಳೆದು ಇಟ್ಟುಕೊಂಡಿರುತ್ತಾರೆ. ಪೆಟ್ಟಾದ ಮೇಲಿನ ಅಳತೆಯನ್ನು ಅದಕ್ಕೆ ಹೋಲಿಸುತ್ತಾರೆ. ಮೈದಾನದ ಅಂಚಿನಲ್ಲಿ ಮಡಚಿ ಬಿಚ್ಚುವ ಪುಟ್ಟ ಟೆಂಟ್ ಇರುತ್ತದೆ. ಸಾವಿರಾರು ಜನರ ಕಣ್ಣಿಂದ, ಕ್ಯಾಮೆರಾಗಳಿಂದ ಮರೆಯಾಗಿ ವೈದ್ಯರು ತಪಾಸಣೆ ಮಾಡುವುದು ಅದರೊಳಗೆ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಟೆಂಟ್ ಈಗ ಎಲ್ಲ ಕಡೆ ಕಾಣಿಸುತ್ತದೆ. ಸೆಮಿಫೈನಲ್, ಕೊನೆಯ ಕ್ವಾರ್ಟರ್, ತಂಡದ ಅತ್ಯುತ್ತಮ ರಿಸೀವರ್. ಇನ್ನೊಬ್ಬ ಒಳ್ಳೆಯ ರಿಸೀವರ್ ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾ ಗಾಯದಿಂದ ಮೊದಲೇ ಹೊರಗಿದ್ದರು. ಇಷ್ಟೆಲ್ಲ ಒತ್ತಡ ಇದ್ದರೂ ಹ್ಯಾರಿಸನ್ ಅವರನ್ನು ವಾಪಸ್ ಕಳಿಸಲಿಲ್ಲ. ಬಹುಶಃ ಅದಕ್ಕೇ ಪಂದ್ಯ ಸೋತರು. ಆ ರಾತ್ರಿ ಸುರಕ್ಷತೆಯ ಕೆಲಸ ಮಾಡಿದ್ದು ಫ್ಲ್ಯಾಗ್ ಅಲ್ಲ, ಆ ಟೆಂಟ್. ಹ್ಯಾರಿಸನ್ ಮುಂದಿನ ಸೀಸನ್‌ನಲ್ಲಿ ದೇಶದ ಶ್ರೇಷ್ಠ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಗೆದ್ದರು. ವೃತ್ತಿಪರ ತಂಡಗಳು ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ 4ನೇ ಆಯ್ಕೆಯಾಗಿ ಅರಿಜೋನಾ ಕಾರ್ಡಿನಲ್ಸ್ ಸೇರಿದರು.

ಎರಡು ವರ್ಷದ ನಂತರ, ಅದೇ ಸ್ಟೇಡಿಯಂ

2025ರ ಜನವರಿ 1. ಮತ್ತೆ ಪೀಚ್ ಬೌಲ್, ಈ ಸಲ ಕ್ವಾರ್ಟರ್‌ಫೈನಲ್. ಟೆಕ್ಸಸ್ ಮತ್ತು ಅರಿಜೋನಾ ಸ್ಟೇಟ್ 24-24ರಲ್ಲಿ ಸಮ. ಕೊನೆಯ ನಿಮಿಷಗಳು. ಅರಿಜೋನಾ ಸ್ಟೇಟ್‌ನ ರಿಸೀವರ್ ಮೆಲ್‌ಕ್ವಾನ್ ಸ್ಟೋವಾಲ್ ಪಾಸ್ ಹಿಡಿಯುತ್ತಿದ್ದಂತೆ ಟೆಕ್ಸಸ್‌ನ ಮೈಕಲ್ ಟಾಫ್ ಡಿಕ್ಕಿ ಹೊಡೆದರು. ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿದ್ದು ಟಿವಿಯಲ್ಲಿ ನೋಡಿದವರಿಗೆ ಕಂಡಿತು. ರಿವ್ಯೂ ಆಯಿತು. ಟಾರ್ಗೆಟಿಂಗ್ ಅಲ್ಲ ಎಂದರು. ಟೆಕ್ಸಸ್ ಎರಡು ಓವರ್‌ಟೈಮ್ ಆಡಿ 39-31ರಿಂದ ಗೆದ್ದಿತು. ಹೆಲ್ಮೆಟ್‌ಗೆ ತಾಗಿದ ಮಾತ್ರಕ್ಕೆ ಫೌಲ್ ಅಲ್ಲ, ಉಳಿದ ಅಂಶಗಳೂ ಬೇಕು ಎಂಬ ವಿವರಣೆ ನಿಯಮದ ಪುಸ್ತಕಕ್ಕೆ ಹೊಂದುತ್ತದೆ. ಮನೆಯಲ್ಲಿ ಕೂತು ನೋಡುವ ಅಪ್ಪ-ಅಮ್ಮನಿಗೆ ಹೊಂದುವುದಿಲ್ಲ.

ಎರಡು ಪ್ರಕರಣಕ್ಕೂ ಒಂದೇ ಗಂಟು. ಈಗಿರುವ ನಿಯಮದಲ್ಲಿ ಎಲ್ಲವೂ ಇಲ್ಲವೇ ಏನೂ ಇಲ್ಲ. ಟಾರ್ಗೆಟಿಂಗ್ ಎಂದರೆ 15 ಗಜ, ಉಚ್ಚಾಟನೆ; ಆ ಎರಡು ಪಂದ್ಯಗಳ ಹೊತ್ತಿಗೆ, ಎರಡನೇ ಅರ್ಧವಾದರೆ ಮುಂದಿನ ಪಂದ್ಯಕ್ಕೂ ಪೆಟ್ಟಿತ್ತು. ಅಲ್ಲ ಎಂದರೆ ಸೊನ್ನೆ. 2022ರಿಂದ ಎರಡನೇ ಅರ್ಧದ ಉಚ್ಚಾಟನೆಯನ್ನು ಮರುಪರಿಶೀಲಿಸಿ ಎಂದು ಕೇಳುವ ಅವಕಾಶ ಬಂದಿದೆ, ಅದು ಗುದ್ದಿದವನಿಗೆ ಆಸರೆ. ಗುದ್ದಿಸಿಕೊಂಡವನಿಗೆ ಅದರಿಂದ ಏನೂ ಬಂದಿಲ್ಲ.

ನನ್ನ ದೃಷ್ಟಿಯಲ್ಲಿ ಗಜದ ದಂಡವನ್ನೂ ಉಚ್ಚಾಟನೆಯನ್ನೂ ಬೇರೆ ಬೇರೆ ಮಾಡಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ಲ್ಯಾಗ್ರಂಟ್ ಫೌಲ್‌ಗೆ ಎರಡು ದರ್ಜೆ ಇರುವಂತೆ ಇಲ್ಲೂ ಇರಲಿ ಎಂದು ಕೋಚ್‌ಗಳೇ ಕೇಳುತ್ತ ಬಂದಿದ್ದಾರೆ. ರಕ್ಷಣೆಯಿಲ್ಲದ ರಿಸೀವರ್‌ನ ಮೇಲ್ಭಾಗಕ್ಕೆ ಬಲವಾಗಿ ಗುದ್ದಿದರೆ 15 ಗಜ, ಆಟಗಾರ ಮೈದಾನದಲ್ಲೇ ಉಳಿಯಲಿ. ತಲೆಗೇ ಗುರಿಯಿಟ್ಟದ್ದು ಖಚಿತವಾದರೆ ಮಾತ್ರ ಉಚ್ಚಾಟನೆ. ಹಾಗೆ ಮಾಡಿದ್ದರೆ ಬುಲ್ಲಾರ್ಡ್ ಫೈನಲ್‌ನ ಮೊದಲ ಅರ್ಧ ಕಳೆದುಕೊಳ್ಳುವ ಭಯವಿಲ್ಲದೆ ಆ ಫ್ಲ್ಯಾಗ್ ಉಳಿಯಬಹುದಿತ್ತು. ಶಿಕ್ಷೆ ಸಣ್ಣದಾದರೆ ಫೌಲ್ ಕೊಡುವ ಕೈ ಹಿಂಜರಿಯುವುದಿಲ್ಲ. ಎತ್ತರಕ್ಕೆ ಗುದ್ದಿದರೆ ತಂಡಕ್ಕೆ ನಷ್ಟ ಎಂದು ಹುಡುಗರಿಗೆ ಮನದಟ್ಟಾಗುವುದು ಪದೇ ಪದೇ ಬೀಳುವ ದಂಡದಿಂದಲೇ ಹೊರತು, ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಜಗಳದಿಂದಲ್ಲ.

ಟಿವಿಯಲ್ಲಿ ಕಾಣದ ಡಿಕ್ಕಿಗಳು

ಇಷ್ಟು ಹೇಳಿದ ಮೇಲೂ, ಫ್ಲ್ಯಾಗ್‌ನ ಜಗಳದಲ್ಲಿ ಮುಳುಗಿದ ನಾವು ಗಮನಿಸದೆ ಬಿಡುವ ದೊಡ್ಡ ವಿಷಯ ಒಂದಿದೆ. 2021ರಲ್ಲಿ ‘ಜಾಮಾ ನ್ಯೂರಾಲಜಿ’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2015ರಿಂದ 2019ರವರೆಗೆ ಆರು ಕಾಲೇಜು ತಂಡಗಳ 658 ಆಟಗಾರರನ್ನು ಹೆಲ್ಮೆಟ್‌ನಲ್ಲಿ ಸೆನ್ಸರ್ ಇಟ್ಟು ಗಮನಿಸಿದ್ದರು. ದಾಖಲಾದ ತಲೆಯ ಹೊಡೆತಗಳು 5 ಲಕ್ಷಕ್ಕೂ ಜಾಸ್ತಿ. ಕನ್‌ಕಷನ್ ಆದದ್ದು 68 ಜನರಿಗೆ. ಆ ಕನ್‌ಕಷನ್‌ಗಳಲ್ಲಿ ಶೇ 72ರಷ್ಟು ಆದದ್ದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ. ಹತ್ತಿರಹತ್ತಿರ ಅರ್ಧದಷ್ಟು ಸೀಸನ್ ಶುರುವಾಗುವುದಕ್ಕೆ ಮುಂಚಿನ ತರಬೇತಿಯಲ್ಲೇ ಆಗಿದ್ದವು. ಆ ತರಬೇತಿ ಒಟ್ಟು ಅವಧಿಯ ಐದನೇ ಒಂದು ಭಾಗ ಅಷ್ಟೇ.

ಅಭ್ಯಾಸದಲ್ಲಿ ಹಳದಿ ಫ್ಲ್ಯಾಗ್ ಬೀಳುವುದಿಲ್ಲ. ರಿವ್ಯೂ ಇಲ್ಲ, ಅಭಿಮಾನಿಗಳ ಕೂಗಿಲ್ಲ. ಅಲ್ಲಿ ಗುದ್ದುವವನು, ಗುದ್ದಿಸಿಕೊಳ್ಳುವವನು ಇಬ್ಬರೂ ಒಂದೇ ತಂಡದವರು, ಒಂದೇ ಹಾಸ್ಟೆಲ್‌ನಲ್ಲಿ ಇರುವ ಇಪ್ಪತ್ತರ ಆಸುಪಾಸಿನ ಹುಡುಗರು. ಕನ್‌ಕಷನ್ ಎನ್ನಿಸಿಕೊಳ್ಳದ ಸಣ್ಣ ಹೊಡೆತಗಳೂ ವರ್ಷಗಟ್ಟಲೆ ಸೇರಿಕೊಳ್ಳುತ್ತ ಹೋಗುತ್ತವೆ. ಮೆದುಳನ್ನು ನಿಧಾನವಾಗಿ ಸವೆಸುವ ಸಿಟಿಇ ಎಂಬ ಕಾಯಿಲೆಗೂ ಪದೇ ಪದೇ ತಲೆಗೆ ಬೀಳುವ ಹೊಡೆತಕ್ಕೂ ನಂಟಿದೆ. ಅದು ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಸಾಧ್ಯವಾಗುವುದು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗಲೇ.

ಆ ಅಧ್ಯಯನ ಬಂದ ವರ್ಷವೇ ಎನ್‌ಸಿಎಎ ಸೀಸನ್‌ಗೆ ಮುಂಚೆ ಪೂರ್ತಿ ಪ್ಯಾಡ್ ಕಟ್ಟಿ ಅಭ್ಯಾಸ ಮಾಡುವ ದಿನಗಳನ್ನು 9ಕ್ಕೆ ಇಳಿಸಿತು. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ಗುದ್ದಾಡಿಸುವ ಹಳೆಯ ಡ್ರಿಲ್‌ಗಳನ್ನೂ ಕೈಬಿಡಿಸಿತು. ಪೀಚ್ ಬೌಲ್ ರಿವ್ಯೂ ಬಗ್ಗೆ ಆದಷ್ಟು ಚರ್ಚೆಯ ಒಂದು ಪಾಲೂ ಇದರ ಬಗ್ಗೆ ಆಗಲಿಲ್ಲ. ನನಗೆ ಬೇಸರ ಇರುವುದು ಇಲ್ಲಿ. ಸೆನ್ಸರ್‌ಗಳು ಇವೆ, ಲೆಕ್ಕ ಹಾಕುವ ವಿಧಾನವೂ ಗೊತ್ತಿದೆ. ಪ್ರತಿ ತಂಡವೂ ತನ್ನ ಆಟಗಾರರ ತಲೆಗೆ ಅಭ್ಯಾಸದಲ್ಲಿ ವಾರಕ್ಕೆ ಎಷ್ಟು ಹೊಡೆತ ಬಿತ್ತು ಎಂಬ ಲೆಕ್ಕವನ್ನು ಆಟಗಾರನಿಗೂ ಅವನ ಮನೆಯವರಿಗೂ ಕೊಡಬೇಕು. ಟಾರ್ಗೆಟಿಂಗ್ ನಿಯಮವನ್ನು ಮತ್ತೊಮ್ಮೆ ತಿದ್ದಲು ಎನ್‌ಸಿಎಎ ಸಮಿತಿ ಕೂತಾಗ ಈ ಬೇಡಿಕೆಯೂ ಅದೇ ಮೇಜಿನ ಮೇಲೆ ಇರಲಿ.